ಏಳನೆಯ ನಿಯಮ

ಕಬ್ಬು ಅರೆಯುವುದು ನಿಂತ ಮೇಲೆ
ತೂಕದ ಮನೆಯ ಗುಮಾಸ್ತನಿಗೆ ಏನು ಕೆಲಸ?
ಲಾರಿಯಿಲ್ಲ, ಎತ್ತಿನ ಗಾಡಿಯಿಲ್ಲ,
ಮುಳ್ಳು ಸರಿಯಿಲ್ಲ ಎಂದು ಜಗಳಕ್ಕೆ ಬರುವವರಿಲ್ಲ.
ಹಳೆಯ ಚೀಟಿಗಳ ಕಟ್ಟೊಂದನ್ನು ಮನೆಗೆ ತಂದು
ಖಾಲಿ ಬೆನ್ನುಗಳ ಮೇಲೆ ಯುದ್ಧ ಬರೆಯಲು ಕೂತೆ.

ಕ್ವಾರ್ಟರ್ಸಿನ ಮೂವರ ಕಾಟಕ್ಕೆ:
ತೇಜು, ಅಫ್ರೀನ್, ಆರು ತುಂಬದ ಕೆಂಪಿ.
ಮಂಡ್ಯದ ಏಪ್ರಿಲ್ಲು. ಹನ್ನೊಂದಕ್ಕೇ ಡಾಂಬರು ಮೆತ್ತಗಾಗಿ
ಚಪ್ಪಲಿ ಹಿಡಿದುಕೊಳ್ಳುತ್ತದೆ.
ಕ್ರಿಕೆಟ್ಟಿಗೆ ಯಾವ ತಾಯಿಯೂ ಬಿಡುವುದಿಲ್ಲ.

ಹಳೇ ಸೀರೆಯ ನೀಲಿ ಅಂಚು ಹರಿದು ಮೇಜಿಗೆ ಹಾಸಿದೆ, ನಾಲೆ.
ಟವೆಲಿನಡಿ ಎರಡು ಈರುಳ್ಳಿ, ಗುಡ್ಡ.
ಕವುಚಿಟ್ಟ ಹಿತ್ತಾಳೆ ಲೋಟ ಕೋಟೆ;
ಕಾಫಿ ಹೊತ್ತಿಗೆ ಕೋಟೆ ತೆರವು ಮಾಡಬೇಕೆಂದು
ಒಳಗಿಂದ ಹೆಂಡತಿಯ ಆಜ್ಞೆ, ಅದೇ ಮೊದಲ ನಿಯಮ.

ಈಚೆ ಅವರೆಕಾಳಿನ ದಂಡು, ಆಚೆ ಹುರಿಗಡಲೆಯದು.
ಸೋಡಾ ಮುಚ್ಚಳದಲ್ಲಿ ಕೂತ ಕಾಳು ಕುದುರೆ ಸವಾರ.
ಕಾಲಾಳು ಚೀಟಿಯ ಅಗಲದಷ್ಟು ನಡೆಯಬೇಕು,
ಕುದುರೆ ಚೀಟಿಯ ಉದ್ದದಷ್ಟು.
ನಾಲ್ಕು ಹುಣಸೆ ಬೀಜ, ಬಚ್ಚಲ ಕಲ್ಲಿಗೆ ಒಂದೊಂದೇ ಮಗ್ಗುಲು ತೇಯ್ದೆ,
ಅಜ್ಜಿ ಚೌಕಾಬಾರಕ್ಕೆ ತೇಯುತ್ತಿದ್ದ ಹಾಗೆ,
ಬೆರಳ ತುದಿ ಬಿಸಿಯಾಗುವ ತನಕ.
ಬಿಳಿ ಬಿದ್ದಷ್ಟು ಏಟು.
ನಾಲ್ಕೂ ಕಪ್ಪಾದರೆ ಫಿರಂಗಿ.

ಮೊದಲ ಸಲ ಬರೆದದ್ದು ಇಪ್ಪತ್ತಮೂರು ನಿಯಮ.
ನಾಲ್ಕನೆಯದು ಓದುವಷ್ಟರಲ್ಲಿ
ಅಫ್ರೀನ್ ಕಿಟಕಿಯ ಓತಿಕ್ಯಾತ ನೋಡುತ್ತಿದ್ದಳು.
ಅದು ಕಬ್ಬಿನ ಹಾಲು, ಬೆಲ್ಲವಲ್ಲ.
ಮತ್ತೆ ಒಲೆಗಿಟ್ಟೆ, ನೊರೆ ತೆಗೆದೆ.
ಮಳೆ ಹೋಯಿತು, ಗೂಢಚಾರ ಹೋದ,
ರಾತ್ರಿಯ ಕಾಳಗ ಹೋಯಿತು (ಅದು ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರ),
ಕೊನೆಗೆ ಏಳು ಉಳಿದವು.
ಏಳನೆಯದನ್ನೂ ಹೊಡೆದು ಹಾಕಿದೆ.

ಎರಡನೇ ದಿನ ಹುರಿಗಡಲೆಯ ಸೈನ್ಯದಲ್ಲಿ ಹದಿನಾಲ್ಕು ಜನ ಕಡಿಮೆ.
ಕೆಂಪಿ ಬಾಯಿ ತೆರೆಯಲಿಲ್ಲ.
ತೆರೆಯುವಂತೆಯೂ ಇರಲಿಲ್ಲ.
"ಸತ್ತೋರ್ನ ತಾನೆ ತಿಂದಿದ್ದು" ಎಂದಳು ನುಂಗಿಕೊಂಡು,
"ಮತ್ತೆ ಸತ್ತೋರು ಎಲ್ಲಿಗೋಯ್ತಾರೆ ಮಾವ?
ನಿನ್ ಚೀಟೀಲಿ ಬರ್ದೇ ಇಲ್ಲ."
ನಿಜ. ಬರೆದಿರಲಿಲ್ಲ.

ಮೂರು ದಿನವೂ ತೇಜುವೇ ಗೆದ್ದ.
ಮೂರು ದಿನವೂ ತೇಜು ಕಿಟಕಿಯ ಮಗ್ಗುಲಿಗೇ ಕೂತಿದ್ದ.
ಅಫ್ರೀನ್ ಮಾತಾಡಲಿಲ್ಲ. ಎದ್ದಳು,
ಗೋಲಿಯೊಂದನ್ನು ತಂದು ಮೇಜಿನ ನಡುವೆ ಬಿಟ್ಟಳು.
ಅದು ಯೋಚಿಸಿತು. ಆಮೇಲೆ ನಿಧಾನಕ್ಕೆ
ನಾಲೆ ದಾಟಿ, ಅವರೆಕಾಳು ಸರಿಸಿ,
ತೇಜುವಿನ ಮಡಿಲಿಗೇ ಬಿತ್ತು.

ಇಪ್ಪತ್ತಾರು ವರ್ಷ ತೂಕ ಬರೆದವನು ನಾನು,
ಟನ್ನಿಗೆ ಕಿಲೋ ತಪ್ಪದ ಹಾಗೆ.
ನನ್ನ ಮನೆಯ ಮೇಜಿಗೆ ಒಂದು ಕಾಲು ಮೋಟು.

ಕೈಗೆ ಸಿಕ್ಕ ಚೀಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ತುರುಕಿದೆ.
ಗೋಲಿ ನಿಂತಿತು.
ಆ ಸಂಜೆ ಅವರೆಕಾಳು ಸೋತಿತು,
ಕೊನೆಯ ಸವಾರ ನಾಲೆಯ ಅಂಚಿನಲ್ಲಿ,
ನಾಲ್ಕೂ ಕಪ್ಪು.

ತೇಜು ಮೇಜಿನಡಿ ನುಸುಳಿದ, ಮೋಸ ಹುಡುಕಲು.
ತುಂಬಾ ಹೊತ್ತು ಬರಲಿಲ್ಲ.
ಆಮೇಲೆ ಅಲ್ಲಿಂದಲೇ, ಮೂಗು ಕಟ್ಟಿದ ದನಿಯಲ್ಲಿ,
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ:
"ಏಳು. ಸೋತವರು ಅಳಬಾರದು."

ಸುಮ್ಮನಾದ.
"ಮಾವ, ಇದರ ಮೇಲೆ ಗೀಟು ಎಳ್ದಿದ್ದೀರಲ್ಲ."
"ಹೂಂ, ಎಳೆದಿದ್ದೀನಿ."
"ಹಂಗಾರೆ ಅಳಬೌದಾ?"
"ಅಳಬಹುದು ಕಣಪ್ಪಾ."

ಚೀಟಿ ಎಳೆದದ್ದಕ್ಕೆ ಮೇಜು ಮತ್ತೆ ವಾಲಿತು.
ಲೋಟ ಉರುಳಿತು, ಈರುಳ್ಳಿ ಗುಡ್ಡ ಬಿಟ್ಟು ಹೊರಟಿತು,
ಎರಡೂ ದಂಡು ಚೆಲ್ಲಾಪಿಲ್ಲಿ ಒಂದೇ ಕಡೆಗೆ ಓಡಿದವು.
ಕೆಂಪಿ ಬಗ್ಗಿ ಆರಿಸಿ, ಕತ್ತಲಿಗೆ ಕೈ ಚಾಚಿದಳು:
"ತಕೋ, ಗೆದ್ದಿರೋ ಸೇನಾಪತಿ. ಗರಿಗರಿ ಅವ್ನೆ."

ಕೆಳಗಿನಿಂದ ಸ್ವಲ್ಪ ಹೊತ್ತು ಬಿಕ್ಕು.
ಆಮೇಲೆ ಕುರುಕುರು.